ಖಾಕಿ ಅಂದರೆ ಮಣ್ಣು

ಪತ್ರಿಕೋದ್ಯಮ ಓದುವಾಗ ನಾವು ಬೇಗ ಕಲಿಯುವ ಒಂದು ಸಂಗತಿ ಅಂದರೆ ಶೀರ್ಷಿಕೆಗೆ ಜಾಗ ಕಡಿಮೆ. ‘ಪೊಲೀಸ್ ಇಲಾಖೆ’ ಅಂತ ಬರೆಯಲು ಜಾಗ ಸಾಲದಿದ್ದರೆ ‘ಖಾಕಿ’ ಅಂತ ಹಾಕಿಬಿಡುತ್ತಾರೆ. ಖಾಕಿ ಕಣ್ಗಾವಲು, ಖಾಕಿ ಪಡೆ, ಖಾಕಿ ದರ್ಪ. ಭಾಷಣಕಾರರಿಗೆ ಇನ್ನೊಂದು ಜೋಡಣೆ ಇಷ್ಟ: ಖಾದಿ, ಖಾಕಿ, ಕಾವಿ. ರಾಜಕಾರಣಿ, ಪೊಲೀಸು, ಸ್ವಾಮೀಜಿ ಮೂವರನ್ನೂ ಮೂರು ಪದದಲ್ಲಿ ಹಿಡಿದಂತಾಯಿತು. ಇಷ್ಟೆಲ್ಲ ಬಳಸಿ ಬಳಸಿ ಖಾಕಿ ಒಂದು ಬಣ್ಣದ ಹೆಸರು ಅನ್ನುವುದೇ ಮರೆತುಹೋಗುವ ಹಾಗಾಗಿದೆ. ಆ ಬಣ್ಣಕ್ಕೆ ಆ ಹೆಸರು ಯಾಕೆ ಬಂತು ಅನ್ನುವುದಂತೂ ಯಾರೂ ಕೇಳುವುದಿಲ್ಲ.

ಪಾರ್ಸಿ ಭಾಷೆಯಲ್ಲಿ ‘ಖಾಕ್’ ಅಂದರೆ ಮಣ್ಣು, ಧೂಳು. ಅದಕ್ಕೆ ‘ಈ’ ಸೇರಿದರೆ ‘ಖಾಕಿ’, ಅಂದರೆ ಮಣ್ಣಿನದು, ಧೂಳಿನ ಬಣ್ಣದ್ದು. ಈ ‘ಈ’ ನಮಗೆ ಹೊಸದಲ್ಲ. ಸರ್ಕಾರ–ಸರ್ಕಾರಿ, ಬಾದಾಮ್–ಬಾದಾಮಿ ಬಣ್ಣ. (ಬಾಗಲಕೋಟೆ ಜಿಲ್ಲೆಯ ಬಾದಾಮಿ ಊರಿನ ಕಥೆ ಬೇರೆ, ಅದನ್ನು ಇದಕ್ಕೆ ಸೇರಿಸಬೇಡಿ.) ಉರ್ದುವಿನಲ್ಲಿ ಈಗಲೂ ಏನಾದರೂ ಹಾಳಾದರೆ ‘ಖಾಕ್ ಆಯಿತು’ ಅಂತಾರೆ, ನಾವು ‘ಮಣ್ಣುಪಾಲಾಯಿತು’ ಅನ್ನುವ ಹಾಗೆಯೇ. ‘ಖಾಕ್‌ಸಾರ್’ ಅಂದರೆ ಧೂಳಿನಂಥವನು, ಬಹಳ ವಿನಯದವನು. ಪತ್ರದ ಕೊನೆಗೆ ತಮ್ಮನ್ನೇ ಹಾಗೆ ಕರೆದುಕೊಳ್ಳುವ ರೂಢಿಯೂ ಇತ್ತು. ಇದು ಅಹಂಕಾರ ಇಳಿಸಿಕೊಳ್ಳುವವರು ಬಳಸುತ್ತಿದ್ದ ಮಾತು. ಅದೇ ಬೇರಿನ ಪದಕ್ಕೆ ನಮ್ಮಲ್ಲಿ ‘ದರ್ಪ’ ಜೋಡಿಯಾಗಿದೆ.

ಇನ್ನೊಂದು ವಿಷಯ. ಪಾರ್ಸಿಯಲ್ಲಿ ಭೂಮಿಗೆ ‘ಜಮೀನ್’ ಅನ್ನುವ ಪದವೂ ಇದೆ. ಅದು ನಮ್ಮ ‘ಜಮೀನು’ ಆಗಿದೆ. ಆದಿಲ್‌ಶಾಹಿ, ಮರಾಠರು, ಹೈದರ್, ಟಿಪ್ಪು ಇವರ ಆಡಳಿತದ ಕಾಲದಲ್ಲಿ ಕಂದಾಯದ ಲೆಕ್ಕದ ಜೊತೆ ಪಾರ್ಸಿ, ಅರಬ್ಬಿ ಪದಗಳು ಕನ್ನಡಕ್ಕೆ ಬಂದವು. ತಹಸೀಲ್ದಾರ, ದಫ್ತರ, ಖರ್ಚು, ಕೊನೆಗೆ ‘ರೈತ’ ಅನ್ನುವ ಪದ ಕೂಡ ಹಾಗೆ ಬಂದದ್ದೇ. ಹೀಗೆ ಮಣ್ಣಿನ ಎರಡು ಪಾರ್ಸಿ ಪದಗಳಲ್ಲಿ ಜಮೀನು ರೈತನ ಪಹಣಿಗೆ ಹೋಯಿತು, ಖಾಕಿ ಸರ್ಕಾರದ ಮೈಮೇಲೆ ಹೋಯಿತು. ಎರಡೂ ಬಂದ ದಾರಿ ಮಾತ್ರ ಒಂದೇ ಅಲ್ಲ ಅನ್ನುವುದು ನಮ್ಮ ಅಂದಾಜು. ಕನ್ನಡದಲ್ಲಿ ‘ಖಾಕ್’ ಅಂತ ಮಣ್ಣಿಗೆ ಯಾರೂ ಅನ್ನುವುದಿಲ್ಲ. ಬಟ್ಟೆಯ ಬಣ್ಣಕ್ಕೆ ಮಾತ್ರ ಖಾಕಿ ಅನ್ನುತ್ತೇವೆ. ಅಂದರೆ ಈ ಪದ ಕಂದಾಯದ ಕಡತದ ಜೊತೆ ಬಂದದ್ದಲ್ಲ, ಬ್ರಿಟಿಷರ ಕಾಲದ ಸಮವಸ್ತ್ರದ ಜೊತೆ ಬಂದದ್ದು.

ಹಳ್ಳಿಯ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲವಾದ್ದರಿಂದ ‘ಕಾಕಿ’ ಆಗುತ್ತದೆ. ಬಳ್ಳಾರಿ, ರಾಯಚೂರು ಗಡಿಯ ತೆಲುಗು ಮಾತಾಡುವವರಿಗೆ ಕಾಕಿ ಅಂದರೆ ಕಾಗೆ. ಅಲ್ಲಿ ‘ಕಾಕಿ ಬಂತು’ ಅಂದರೆ ಯಾವುದು ಬಂತು ಅಂತ ಒಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಈಗ ಬಣ್ಣದ ಹುಟ್ಟಿಗೆ ಬರೋಣ. ಅದಕ್ಕೆ ಕರ್ನಾಟಕ ಬಿಟ್ಟು ಬಹಳ ದೂರ, ಇವತ್ತಿನ ಪಾಕಿಸ್ತಾನದ ಪೇಶಾವರಕ್ಕೆ ಹೋಗಬೇಕು. ಸಿಖ್ಖರ ವಿರುದ್ಧದ ಮೊದಲ ಯುದ್ಧ ಗೆದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಆ ಗಡಿಯಲ್ಲಿ ಕಾಲೂರುತ್ತಿದ್ದ ಸಮಯ. ಗುಡ್ಡಗಾಡಿನ ದಾರಿ ಬಲ್ಲ, ಸುದ್ದಿ ತರಬಲ್ಲ, ಹೊಡೆದಾಡಲೂ ಬಲ್ಲ ಸ್ಥಳೀಯರ ಒಂದು ಪಡೆ ಬೇಕು ಅಂತ ಪಂಜಾಬಿನ ಅಧಿಕಾರಿ ಹೆನ್ರಿ ಲಾರೆನ್ಸ್ ಯೋಚಿಸಿದ. 1846ರ ಡಿಸೆಂಬರ್‌ನಲ್ಲಿ ಹ್ಯಾರಿ ಲಮ್ಸ್‌ಡೆನ್ ಅನ್ನುವ ಲೆಫ್ಟಿನೆಂಟ್ ಪೇಶಾವರದಲ್ಲಿ ಅದನ್ನು ಕಟ್ಟಿದ. ಅದರ ಹೆಸರು ‘ಕೋರ್ ಆಫ್ ಗೈಡ್ಸ್’. ಶುರುವಿನಲ್ಲಿ ಒಂದು ಕುದುರೆ ತುಕಡಿ, ಎರಡು ಕಾಲಾಳು ತುಕಡಿ. ಎಲ್ಲ ಸೇರಿ ಮುನ್ನೂರರ ಒಳಗೆ.

ಆಗ ಕಂಪನಿಯ ಸಿಪಾಯಿಗಳ ಅಂಗಿ ಕೆಂಪು. ಈಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಗುಂಡು ಹಾರುವ ಜಾಗದಲ್ಲಿ ದಾಸವಾಳದ ಬಣ್ಣದ ಅಂಗಿ ತೊಟ್ಟು ಯಾರಾದರೂ ನಿಲ್ಲುತ್ತಾರಾ? ಆದರೆ ಆ ಕಾಲದ ಯುದ್ಧಕ್ಕೆ ಅದರಲ್ಲಿ ಲೆಕ್ಕ ಇತ್ತು. ಹಳೆಯ ಮದ್ದಿನ ಬಂದೂಕುಗಳು ಒಂದು ಸುತ್ತು ಹೊಡೆದರೆ ಬಯಲಿಡೀ ಹೊಗೆ. ಹೊಗೆಯೊಳಗೆ ನಮ್ಮವರು ಯಾರು, ಪರರು ಯಾರು ಅಂತ ಗೊತ್ತಾಗಬೇಕಾದರೆ ಎದ್ದು ಕಾಣುವ ಬಣ್ಣವೇ ಬೇಕು. ಬಂದೂಕಿನ ಗುರಿಯೂ ದೂರಕ್ಕೆ ಹೋಗುತ್ತಿರಲಿಲ್ಲ. ಸಾಲಾಗಿ ನಿಂತು ಎದುರಾಬದುರಾ ಹೊಡೆಯುತ್ತಿದ್ದರು.

ಪೇಶಾವರದ ಗಡಿಯಲ್ಲಿ ಹಾಗೆ ಸಾಲಾಗಿ ನಿಲ್ಲುವವರು ಯಾರೂ ಇರಲಿಲ್ಲ. ಬಂಡೆಯ ಹಿಂದೆ ಕೂತು ಗುರಿಯಿಟ್ಟು ಹೊಡೆಯುವ ಪಠಾಣರ ನಾಡು ಅದು. ಕೆಂಪು ಅಂಗಿ ಅಲ್ಲಿ ಕೇವಲ ಗುರಿಹಲಗೆ. ಜೊತೆಗೆ ಬಿಸಿಲು, ಬೋಳು ಗುಡ್ಡ, ಎಲ್ಲಿ ನೋಡಿದರೂ ಧೂಳು. ಲಮ್ಸ್‌ಡೆನ್ ತನ್ನ ಜನರಿಗೆ ಆ ನಾಡಿನವರದೇ ರೀತಿಯ ಸಡಿಲ ಹತ್ತಿ ಬಟ್ಟೆ ಹೊಂದಿಸಿ, ಅದಕ್ಕೆ ಅಲ್ಲಿನ ನೆಲದ ಬಣ್ಣ ಕಟ್ಟಿಸಿದ. ಹಿಪ್ಪುನೇರಳೆ ರಸದಲ್ಲಿ ಅದ್ದುತ್ತಿದ್ದರು ಅಂತ ಒಂದು ಮಾತಿದೆ. ರೇಷ್ಮೆ ಸಾಕುವ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಆ ಹಣ್ಣಿನ ಕಲೆ ಬಟ್ಟೆಗೆ ಹತ್ತಿದರೆ ಏನಾಗುತ್ತದೆ ಅಂತ ಹೇಳಿಕೊಡಬೇಕಿಲ್ಲ.

ಲಮ್ಸ್‌ಡೆನ್‌ನ ಕೈಕೆಳಗಿದ್ದವನು ವಿಲಿಯಂ ಹಾಡ್ಸನ್. ಬಟ್ಟೆಬರೆಯ ಜವಾಬ್ದಾರಿ ಅವನದು. 1848ರ ಹೊತ್ತಿಗೆ ಅವನು ಇಂಗ್ಲೆಂಡಿನಲ್ಲಿದ್ದ ತನ್ನ ಅಣ್ಣನಿಗೆ ಕಾಗದ ಬರೆದು, ನೂರಾರು ಜನಕ್ಕೆ ಆಗುವಷ್ಟು ಮಂಕು ಕಂದು ಬಣ್ಣದ ಬಟ್ಟೆ ಕಳಿಸು ಅಂದ. ಧೂಳಿನ ನಾಡಿನಲ್ಲಿ ತನ್ನ ಜನ ಕಣ್ಣಿಗೆ ಕಾಣಬಾರದು ಅನ್ನುವುದೇ ಕಾರಣ ಅಂತ ಆ ಕಾಗದದಲ್ಲೇ ಹೇಳಿದ್ದಾನೆ. ಈ ಹಾಡ್ಸನ್ ಅಂದರೆ ಮುಂದೆ 1857ರಲ್ಲಿ ದಿಲ್ಲಿಯ ಕೊನೆಯ ಬಾದಶಹ ಬಹಾದ್ದೂರ್ ಶಾ ಜಫರ್‌ನನ್ನು ಸೆರೆಹಿಡಿದು, ರಾಜಕುಮಾರರನ್ನು ಗುಂಡಿಟ್ಟು ಕೊಂದವನೇ. ಖಾಕಿಯ ಇತಿಹಾಸ ಶುರುವಿನಿಂದಲೂ ಸೌಮ್ಯವಾದದ್ದಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಾಟ್ಸಾಪ್‌ನಲ್ಲಿ ಒಂದು ಸಂದೇಶ ಆಗಾಗ ಸುತ್ತುತ್ತದೆ. ಬ್ರಿಟಿಷರ ಕಾಲದ ಪೊಲೀಸರ ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತಿತ್ತು, ಅವರು ಚಹಾಪುಡಿಯ ನೀರಿನಲ್ಲಿ ಅದ್ದಿದರು, ಲಮ್ಸ್‌ಡೆನ್ ಸಾಹೇಬ ಅದನ್ನು ನೋಡಿ 1847ರಲ್ಲಿ ಪೊಲೀಸರಿಗೆ ಖಾಕಿ ಜಾರಿ ಮಾಡಿದ ಅಂತ. ಪರೀಕ್ಷೆಗೆ ಓದುವವರೂ ಇದನ್ನು ಸಾಮಾನ್ಯ ಜ್ಞಾನ ಅಂತ ಬಾಯಿಪಾಠ ಮಾಡುತ್ತಾರೆ. ಲಮ್ಸ್‌ಡೆನ್ ಕಟ್ಟಿದ್ದು ಗಡಿಯ ಸೇನಾ ತುಕಡಿ, ಪೊಲೀಸ್ ಅಲ್ಲ. ಪೊಲೀಸ್ ಕಾಯ್ದೆ ಬಂದದ್ದೇ 1861ರಲ್ಲಿ. ಚಹಾದ ಕಥೆಯಲ್ಲಿ ಸತ್ಯ ಇದೆ, ಆದರೆ ಅದು ಬೇರೆ ಜಾಗದ್ದು, ಬೇರೆ ಕಾಲದ್ದು.

ಅದು 1857ರದ್ದು. ಸಿಪಾಯಿಗಳು ತಿರುಗಿಬಿದ್ದಾಗ ಉತ್ತರ ಭಾರತದ ಕಡುಬೇಸಿಗೆಯಲ್ಲಿ ಬ್ರಿಟಿಷ್ ಪಡೆಗಳು ಬಿಳಿ ಬಟ್ಟೆಯಲ್ಲಿದ್ದವು. ಬಿಳಿ ದೂರಕ್ಕೆ ಕಾಣುತ್ತದೆ, ಕೊಳೆಯೂ ಆಗುತ್ತದೆ. ತರಾತುರಿಯಲ್ಲಿ ಏನು ಸಿಕ್ಕರೆ ಅದರಲ್ಲಿ ಅದ್ದಿದರು: ಚಹಾ, ಕಾಫಿ, ಕೆಸರು, ಬರೆಯುವ ಶಾಯಿ, ಮಸಾಲೆಪುಡಿ ಕೂಡ. ಒಂದೊಂದು ರೆಜಿಮೆಂಟಿನದು ಒಂದೊಂದು ಬಣ್ಣ. ಕೆಲವರದು ಕಂದು, ಕೆಲವರದು ಬೂದಿ, ಕೆಲವರದು ನೇರಳೆಗೆ ತಿರುಗಿತ್ತು. ಎಲ್ಲಕ್ಕೂ ಖಾಕಿ ಅಂತಲೇ ಕರೆದರು. ಅಂದರೆ ಆ ಹೊತ್ತಿಗೆ ಖಾಕಿ ಅನ್ನುವುದು ಒಂದು ನಿಶ್ಚಿತ ಬಣ್ಣವಲ್ಲ. ನೆಲದಲ್ಲಿ ಬೆರೆತುಹೋಗುವ ಬಣ್ಣ ಯಾವುದಾದರೂ ಖಾಕಿಯೇ.

ಈ ಮಾತು ನಮಗೆ ಮುಖ್ಯ ಅನ್ನಿಸುತ್ತದೆ. ಮಣ್ಣಿನ ಬಣ್ಣ ಅಂದರೆ ಯಾವ ಊರಿನ ಮಣ್ಣು? ನಮ್ಮಲ್ಲಿ ಮಣ್ಣಿಗೆ ಒಂದೇ ಬಣ್ಣ ಅಂತ ಯಾವ ರೈತನೂ ಒಪ್ಪುವುದಿಲ್ಲ. ಎರೆ ಬೇರೆ, ಮಸಾರಿ ಬೇರೆ, ಕೆಮ್ಮಣ್ಣು ಬೇರೆ, ಜೇಡಿ ಬೇರೆ, ಕರಲು ಬೇರೆ. ಲಮ್ಸ್‌ಡೆನ್ ಪೇಶಾವರದ ಬದಲು ಗದಗದ ಎರೆಹೊಲದಲ್ಲಿ ಪಡೆ ಕಟ್ಟಿದ್ದರೆ ಇವತ್ತು ಇಡೀ ದೇಶದ ಪೊಲೀಸರು ಕಪ್ಪು ಬಟ್ಟೆಯಲ್ಲಿ ಇರುತ್ತಿದ್ದರೋ ಏನೋ. ತೀರ್ಥಹಳ್ಳಿಯಲ್ಲಿ ಕಟ್ಟಿದ್ದರೆ ಇಟ್ಟಿಗೆ ಕೆಂಪು. ನಮ್ಮ ಸಬ್ ಇನ್‌ಸ್ಪೆಕ್ಟರು ತೊಟ್ಟಿರುವುದು ಅಫ್ಘಾನ್ ಗಡಿಯ ಧೂಳು.

ದಂಗೆ ಮುಗಿದ ಮೇಲೆ ಸೇನೆಗೆ ಖಾಕಿ ಬೇಡವಾಯಿತು. ಮತ್ತೆ ಕೆಂಪು, ಬಿಳಿ. ದೊಡ್ಡ ಸಮಸ್ಯೆ ಬಣ್ಣ ನಿಲ್ಲದಿರುವುದು. ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದರೆ ಚಹಾದ ಬಣ್ಣ ಹೋಗಿಬಿಡುತ್ತದೆ. ಒಬ್ಬನದು ಗಾಢ, ಪಕ್ಕದವನದು ತಿಳಿ. ಶಿಸ್ತಿನ ಸೇನೆಗೆ ಅದು ಸರಿಕಾಣಲಿಲ್ಲ. ಹಾಗಾಗಿ ಇಲ್ಲಿಂದ ಮುಂದಿನ ಕಥೆ ಯುದ್ಧದ್ದಲ್ಲ, ಬಣ್ಣಗಾರರದ್ದು.

ಅಡಿಕೆ ಸುಲಿದವರಿಗೆ, ಚೊಗರು ಕಾಯಿಸಿದವರಿಗೆ ಗೊತ್ತು, ಆ ಕಲೆ ಕೈಯಿಂದ ಎಷ್ಟು ದಿನ ಹೋಗುವುದಿಲ್ಲ ಅಂತ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹಾಗೆಯೇ, ಅದು ಚರ್ಮವನ್ನೇ ಸುಡುತ್ತದೆ. ಮಂಗಳೂರಿನ ಕಥೆ ಶುರುವಾಗುವುದು ಇಲ್ಲಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಇದೇ ಮಿಷನ್‌ನಿಂದ. ಕನ್ನಡದ ಮೊದಲ ಪತ್ರಿಕೆ ಅದು, ನಮ್ಮಂಥವರು ನೆನೆಯಲೇಬೇಕು. ಮತಾಂತರವಾದವರು ಜಾತಿಯ ಕಸುಬು, ಊರಿನ ಆಸರೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಕೊಡಲು ಮಿಷನ್ ಕಾರ್ಖಾನೆಗಳನ್ನು ತೆರೆಯಿತು. ಹಂಚಿನ ಕಾರ್ಖಾನೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ನೇಯ್ಗೆ ಇತ್ತು. 1851ರಲ್ಲಿ ಹಾಲರ್ ಅನ್ನುವ ನೇಕಾರ ಯುರೋಪಿನಿಂದ ಬಂದು, ಕೈಯಿಂದ ಲಾಳಿ ಎಸೆಯುವ ಬದಲು ಹಗ್ಗ ಎಳೆದರೆ ಲಾಳಿ ಓಡುವ ಮಗ್ಗವನ್ನು ಇಲ್ಲಿ ಶುರುಮಾಡಿದ.

ಖಾಕಿ ಬಣ್ಣವನ್ನು ಕಂಡುಹಿಡಿದವನೇ ಈ ಹಾಲರ್ ಅಂತ ಮಂಗಳೂರಿನ ಕಡೆ ಹೇಳುತ್ತಾರೆ. ಗೇರಿನ ಜಾತಿಯ ಮರದ ರಸದಿಂದ ತಯಾರಿಸಿದ, ಮೊದಲು ಅಲ್ಲಿನ ಪೊಲೀಸರು ತೊಟ್ಟರು, ಆಮೇಲೆ ಸೇನಾಪತಿ ರಾಬರ್ಟ್ಸ್ ಬಂದು ನೋಡಿ ಮೆಚ್ಚಿ ಸೇನೆಗೆ ಶಿಫಾರಸು ಮಾಡಿದ ಅಂತ ಕಥೆ ಬೆಳೆಯುತ್ತದೆ. ಕರ್ನಾಟಕದವರಾಗಿ ನಮಗೂ ಇದು ಇಷ್ಟವೇ. ಆದರೆ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಾಲರ್ ಬರುವ ಹೊತ್ತಿಗೆ ಪೇಶಾವರದ ಗೈಡ್ಸ್ ಮಣ್ಣಿನ ಬಣ್ಣದ ಬಟ್ಟೆ ತೊಟ್ಟು ಮೂರ್ನಾಲ್ಕು ವರ್ಷ ಕಳೆದಿತ್ತು. ಪದವೂ ಉತ್ತರದ್ದೇ. ಹಾಗಾಗಿ ‘ಖಾಕಿ ಹುಟ್ಟಿದ್ದು ಮಂಗಳೂರಿನಲ್ಲಿ’ ಅನ್ನುವುದು ಹಿಗ್ಗಿಸಿದ ಮಾತು. ಮಂಗಳೂರಿನಲ್ಲಿ ಮಿಷನ್ ನೇಯ್ದ ಖಾಕಿ ಬಟ್ಟೆಗೆ ಒಳ್ಳೆಯ ಹೆಸರಿತ್ತು ಅನ್ನುವುದಷ್ಟೇ ನಿಲ್ಲುವ ಮಾತು. ಅದೇನು ಸಣ್ಣದಲ್ಲ. ಅದನ್ನು ನೇಯ್ದವರು, ಬಣ್ಣದ ಹಂಡೆಯಲ್ಲಿ ಕೈ ಅದ್ದಿದವರು ಕರಾವಳಿಯ ಕೂಲಿಕಾರರು. ಮುಂದೆ ಮೊದಲ ಮಹಾಯುದ್ಧ ಬಂದಾಗ ಜರ್ಮನರ ನಂಟಿನ ಮಿಷನ್ ಅಂತ ಬ್ರಿಟಿಷರು ಇದೇ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಆಗ ಬ್ರಿಟಿಷ್ ಸೈನಿಕರೆಲ್ಲ ಖಾಕಿಯಲ್ಲೇ ಇದ್ದರು.

ಗಟ್ಟಿ ಬಣ್ಣದ ಪೇಟೆಂಟು ಕೊನೆಗೆ ಇಂಗ್ಲೆಂಡಿನ ಪಾಲಾಯಿತು. 1884ರಲ್ಲಿ ಲ್ಯಾಂಕಷೈರಿನ ಹತ್ತಿ ಗಿರಣಿಗಳ ಸೀಮೆಯಲ್ಲಿ ‘ಖನಿಜ ಖಾಕಿ’ ಬಂತು. ಇದರ ಕೆಲಸ ಹೀಗೆ. ಹತ್ತಿ ಬಟ್ಟೆಯನ್ನು ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳ ನೀರಿನಲ್ಲಿ ನೆನೆಸುತ್ತಾರೆ. ಆಮೇಲೆ ಸೋಡಾದಂಥ ಕ್ಷಾರದಲ್ಲಿ ಅದ್ದುತ್ತಾರೆ. ಆಗ ನೂಲಿನ ಎಳೆಯೊಳಗೇ ಆ ಲೋಹಗಳ ತುಕ್ಕು ಕೂರುತ್ತದೆ. ಕಬ್ಬಿಣದ ತುಕ್ಕು ಕಂದುಗೆಂಪು, ಕ್ರೋಮಿಯಂನದು ಹಸಿರು ಛಾಯೆ. ಎರಡರ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ಬೇಕಾದ ಖಾಕಿ ಸಿಗುತ್ತದೆ. ಒಗೆದರೂ ಹೋಗದು, ಬಿಸಿಲಿಗೂ ಮಾಸದು.

ಈಗ ಆ ಭಾಷಣದ ಮೂರು ಪದಗಳನ್ನು ಮತ್ತೆ ನೆನಪಿಸಿಕೊಳ್ಳಿ. ಕಾವಿ ಅಂದರೆ ಏನು? ಅದು ಮಠದ ಪದ ಆಗುವುದಕ್ಕೆ ಮೊದಲು ಒಂದು ಜಾತಿಯ ಕೆಮ್ಮಣ್ಣಿನ ಹೆಸರು. ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕರಲ್ಲೂ ಇರುವ ನಮ್ಮದೇ ಪದ. ಸನ್ಯಾಸಿಗಳು ಆ ಮಣ್ಣಿನಲ್ಲಿ ಬಟ್ಟೆ ಅದ್ದಿ ಉಡುತ್ತಿದ್ದರು. ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಸುಣ್ಣದ ಬಿಳಿ, ಕಾವಿಯ ಕೆಂಪು ಎರಡೇ ಬಣ್ಣದಲ್ಲಿ ಕೊರೆದ ಚಿತ್ರಗಳಿವೆ, ಅದಕ್ಕೆ ಕಾವಿ ಕಲೆ ಅಂತಲೇ ಹೆಸರು. ನಮ್ಮ ಮನೆಗಳ ಅಂಚಿಗೆ ಬಳಿಯುವ ಜಾಜು ಕೂಡ ಅದರ ನೆಂಟನೇ. ಆ ಮಣ್ಣನ್ನು ಕೆಂಪಾಗಿಸುವುದು ಅದರಲ್ಲಿರುವ ಕಬ್ಬಿಣದ ತುಕ್ಕು. ಅಂದರೆ ಆ ಕಾಲದ ಸನ್ಯಾಸಿಯ ಬಟ್ಟೆಯಲ್ಲೂ ಪೇದೆಯ ಬಟ್ಟೆಯಲ್ಲೂ ಇದ್ದದ್ದು ಒಂದೇ ಕಬ್ಬಿಣ. ಎರಡೂ ಪದಗಳ ಮೂಲ ಅರ್ಥವೂ ಒಂದೇ: ಮಣ್ಣು. ಈಗಿನ ಟೆರಿಕಾಟ್ ಬಟ್ಟೆಗೆ ಬಳಸುವ ಬಣ್ಣ ಬೇರೆ ಅನ್ನಿ.

ಬಣ್ಣ ಗಟ್ಟಿಯಾದ ಮೇಲೆ ಖಾಕಿಯನ್ನು ಯಾರೂ ತಡೆಯಲಿಲ್ಲ. 1885ರಲ್ಲಿ ಭಾರತದ ಸೇನೆಗೆ ಬಂತು. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರೆಲ್ಲ ಖಾಕಿಯಲ್ಲೇ ಇದ್ದರು. ಆ ನಡುವೆ 1900ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಚುನಾವಣೆಗೆ ‘ಖಾಕಿ ಚುನಾವಣೆ’ ಅಂತಲೇ ಹೆಸರಾಯಿತು. 1902ರಲ್ಲಿ ಇಂಗ್ಲೆಂಡಿನೊಳಗಿನ ಸೇನೆಗೂ ಅದೇ ಬಣ್ಣ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ಜೋಧಪುರದವರ ಜೊತೆ ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್ ಕೂಡ ಖಾಕಿಯಲ್ಲೇ ಹೋದವರು. ಪಾರ್ಸಿಯ ಒಂದು ಪದ ಹಿಂದೂಸ್ತಾನಿ ಸಿಪಾಯಿಗಳ ಬಾಯಿಂದ ಇಂಗ್ಲಿಷಿಗೆ ಹೋಗಿ, ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಕೂತಿತು.

ಆಮೇಲೆ ಸೇನೆ ಖಾಕಿಯನ್ನು ಬಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಿಗೆ ಹೋದಾಗ ಮರುಭೂಮಿಯ ಬಣ್ಣ ಹಸಿರಿನ ನಡುವೆ ಎದ್ದು ಕಾಣತೊಡಗಿತು. ಖಾಕಿ ಬಟ್ಟೆಗಳನ್ನೇ ಹಸಿರಿಗೆ ಅದ್ದಿದರು. ಸ್ವಾತಂತ್ರ್ಯದ ನಂತರ ನಮ್ಮ ಸೇನೆ ಹಸಿರಿನಲ್ಲೇ ಮುಂದುವರಿಯಿತು. ಸೈನಿಕನಿಗೆ ಬಣ್ಣ ಬೇಕಾಗಿದ್ದದ್ದು ಅಡಗುವುದಕ್ಕೆ. ಅಡಗಿಸದ ಬಣ್ಣವನ್ನು ಅವನು ಬಿಟ್ಟ.

ಪೊಲೀಸರು ಬಿಡಲಿಲ್ಲ. (ಕೋಲ್ಕತ್ತ ನಗರದ ಪೊಲೀಸರು ಮಾತ್ರ ಇವತ್ತಿಗೂ ಬಿಳಿ.) ಯಾಕೆಂದರೆ ಪೊಲೀಸರಿಗೆ ಅಡಗುವ ಅಗತ್ಯವೇ ಇರಲಿಲ್ಲ. ಸಂತೆಯ ನಡುವೆ ಖಾಕಿ ಬಂದರೆ ಜನ ಸರಿದು ದಾರಿ ಬಿಡಬೇಕು, ಅದೇ ಅದರ ಕೆಲಸ. ಕಾಣಬಾರದು ಅಂತ ಹುಟ್ಟಿದ ಬಣ್ಣ ಎಲ್ಲರಿಗಿಂತ ಮೊದಲು ಕಾಣಬೇಕಾದ ಬಣ್ಣವಾಯಿತು. ನಮ್ಮ ಹಿರಿಯರಿಗೆ ಖಾಕಿ ಚಡ್ಡಿ ಹಾಕಿದ ಪೇದೆಗಳು ಇನ್ನೂ ನೆನಪಿರಬಹುದು. ಅವರಲ್ಲಿ ಬಹಳ ಮಂದಿ ಹೊಲಮನೆಯಿಂದಲೇ ಹೋದವರು.

1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ತಾವು ಸ್ವತಂತ್ರರು ಅಂತ ಸಾರಿಕೊಂಡಾಗ ಊರಿಗೆ ಬಂದ ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಅಂದರು. ಜಗಳ ಬೆಳೆದು ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಖಾದಿಯ ಒಂದು ಟೋಪಿ ಖಾಕಿಯ ತಲೆಯ ಮೇಲೆ ಕೂರಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಆಗ ಅಷ್ಟು ತೂಕ ಇತ್ತು.

ಸರ್ಕಾರದ ಹೊರಗೂ ಈ ಬಣ್ಣಕ್ಕೆ ಆಸೆಪಟ್ಟವರಿದ್ದರು. 1931ರಲ್ಲಿ ಲಾಹೋರಿನಲ್ಲಿ ಅಲ್ಲಾಮಾ ಮಶ್ರಿಖಿ ಕಟ್ಟಿದ ಖಾಕ್‌ಸಾರ್ ಚಳವಳಿಯವರು ಖಾಕಿ ತೊಟ್ಟು, ಹೆಗಲಿಗೆ ಸಲಿಕೆ ಇಟ್ಟು ಕವಾಯತು ಮಾಡುತ್ತಿದ್ದರು. ಪದದ ಮಣ್ಣನ್ನು ನೆನಪಿಟ್ಟುಕೊಂಡವರು ಅವರೊಬ್ಬರೇ ಅನ್ನಿಸುತ್ತದೆ. ಆರ್‌ಎಸ್‌ಎಸ್‌ನ ಖಾಕಿ ಚಡ್ಡಿ ಎಲ್ಲರಿಗೂ ಗೊತ್ತಿರುವುದೇ. 2016ರಲ್ಲಿ ಅವರು ಅದನ್ನು ಬಿಟ್ಟು ಕಂದು ಪ್ಯಾಂಟಿಗೆ ಬದಲಾದರು.

ಹಳ್ಳಿಯಲ್ಲಿ ಕೂತು ನೋಡಿದರೆ ಖಾಕಿ ಒಂದಲ್ಲ, ಎರಡು. ಒಂದು, ಜಮೀನಿನ ತನಕ ಬರುವ ಖಾಕಿ. ಮಲೆನಾಡಿನಲ್ಲಿ ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಅರಣ್ಯ ಇಲಾಖೆಯ ಜೀಪು ಬಂತು ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಮಣ್ಣು ಯಾರದು ಅನ್ನುವ ಜಗಳದಲ್ಲಿ ಮಣ್ಣಿನ ಬಣ್ಣ ತೊಟ್ಟವರು ಯಾವಾಗಲೂ ಎದುರು ಬದಿಯಲ್ಲಿ ನಿಂತಿರುತ್ತಾರೆ. ಇನ್ನೊಂದು, ದುಡಿಯುವವರ ಖಾಕಿ. ಬಸ್ಸಿನ ಡ್ರೈವರು, ಅಂಚೆಯಣ್ಣ, ಆಟೋ ಓಡಿಸುವವರು. ಈ ಖಾಕಿಗೆ ಯಾರೂ ಹೆದರುವುದಿಲ್ಲ. ಎಣ್ಣೆ, ಗ್ರೀಸು, ರಸ್ತೆಯ ಧೂಳು ಕಾಣದಿರಲಿ ಅಂತ ತೊಡುವ ಬಟ್ಟೆ ಅದು. 1980ರಲ್ಲಿ ‘ಆಟೋ ರಾಜ’ ಬಂದ ಮೇಲೆ ಅದಕ್ಕೊಂದು ಠೀವಿಯೂ ಬಂತು. ಶಂಕರ್‌ನಾಗ್ ಚಿತ್ರ ಅಂಟಿಸಿಕೊಂಡ ಆಟೋಗಳು ಇವತ್ತಿಗೂ ಓಡುತ್ತಿವೆ. ಪೇಶಾವರದ ಆ ಮೊದಲ ಬಟ್ಟೆಯ ಉದ್ದೇಶಕ್ಕೆ ಹತ್ತಿರ ಇರುವವರು ಇವರೇ, ಧೂಳಿನಲ್ಲಿ ಧೂಳಾಗಿ ಕೆಲಸ ಮಾಡುವವರು.

ತಾಲ್ಲೂಕಿನ ಬಟ್ಟೆ ಅಂಗಡಿಗೆ ಹೋಗಿ ‘ಖಾಕಿ ಕೊಡಿ’ ಅಂತ ಕೇಳಿ ನೋಡಿ. ಥಾನು ಇಳಿಸುವ ಮೊದಲು ಅಂಗಡಿಯವರು ಕೇಳುತ್ತಾರೆ: ‘ಯಾವುದು, ಪೊಲೀಸಿಂದಾ, ಆಟೋದ್ದಾ?’